ಪದವೀಪರಿಮಾಣಮೀಮಾಂಸೆ

ಶಾಸ್ತ್ರಗ್ರಂಥವನ್ನು ಆರಂಭಿಸುವವನು ಮೊದಲು ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ ಎಂಬ ಅನುಬಂಧಚತುಷ್ಟಯವನ್ನು ನಿರೂಪಿಸತಕ್ಕದ್ದೆಂದು ಪೂರ್ವಾಚಾರ್ಯರು ವಿಧಿಸಿರುವರಷ್ಟೆ. ಪ್ರಕೃತ ಗ್ರಂಥದ ವಿಷಯವು ಪದವಿಯ ಪರಿಮಾಣ, ಎಂದರೆ ಬಿ.ಎ. ಎಂಬ ವಸ್ತುವಿನ ಉದ್ದ ಎಷ್ಟು ವರ್ಷ ಎಂಬುದು. ಪ್ರಯೋಜನವು ಗ್ರಂಥಕರ್ತನ ಪಿತ್ತಶಮನ. ಸಂಬಂಧವು ವಿದ್ಯೆಗೂ ವಿದ್ಯಾ ಇಲಾಖೆಗೂ ಇರುವಂಥದು, ಎಂದರೆ ದಾಯಾದಿಗಳದು. ಇನ್ನು ಅಧಿಕಾರಿ: ಪೂರ್ವಾಚಾರ್ಯರ ಬಾಯಲ್ಲಿ ಈ ಶಬ್ದಕ್ಕೆ ಓದಲು ಯೋಗ್ಯನಾದವನು ಎಂದು ಅರ್ಥವಿದ್ದಿತು, ನಮ್ಮ ಕಾಲದಲ್ಲಿ ಓದದೆಯೇ ಸಹಿ ಹಾಕಲು ಯೋಗ್ಯನಾದವನು ಎಂದಾಗಿದೆ. ಗ್ರಂಥವು ಇಬ್ಬರಿಗೂ ಸಲ್ಲುವುದು.

ಇದನ್ನು ಏಳು ಪ್ರಕರಣಗಳಾಗಿ ವಿಭಾಗಿಸಿದೆ. ಏಳೇ ಏಕೆಂದರೆ, ರಾಜ್ಯಕ್ಕೆ ಸ್ವಾಮಿ, ಅಮಾತ್ಯ, ಕೋಶ, ದುರ್ಗ ಮೊದಲಾದ ಸಪ್ತಾಂಗಗಳಿರುವಂತೆ ಕಾಲೇಜಿಗೂ ಏಳು ಮಾನದಂಡಗಳುಂಟೆಂದು, 1994ರಲ್ಲಿ ಹುಟ್ಟಿ ಬೆಂಗಳೂರಿನಲ್ಲಿ ನೆಲೆಸಿರುವ, ಕಾಲೇಜುಗಳನ್ನು ಮೌಲ್ಯಾಂಕನ ಮಾಡುವ ನ್ಯಾಕ್ ಮಂಡಳಿಯು ಗೊತ್ತುಮಾಡಿದ್ದಿತು. ಏಳಕ್ಕೆ ಒಂದು ಕಡಮೆಯಾದರೂ ನನ್ನ ಗ್ರಂಥಕ್ಕೆ ನಾಲ್ಕರಲ್ಲಿ ಮೂರೂವರೆಗೆ ಮೇಲ್ಪಟ್ಟ ಅಂಕ ದೊರೆಯಲಾರದೆಂಬ ಭೀತಿಯು ನನ್ನನ್ನು ಬಾಧಿಸಿದ್ದುಂಟು.

ಪ್ರಥಮ ಪ್ರಕರಣ: ಗ್ರಂಥೋತ್ಪತ್ತಿ

ಕಾಲೇಜಿನ ಅಧ್ಯಾಪಕ ವೃತ್ತಿಯಿಂದ ನಿವೃತ್ತನಾದ ಮೇಲೆ ತೋಟದ ಮರಗಸಿಯ ಆಳುಗಳ ಲೆಕ್ಕ ನೋಡಿಕೊಂಡು, ಶನಿವಾರ ಶನಿವಾರ ಚೀಲ ಹಿಡಿದು ನಮ್ಮೂರು ಶನಿವಾರಸಂತೆಯ ಸಂತೆಗೆ ಹೋಗಿ ಬಂದು ನೆಮ್ಮದಿಯಾಗಿದ್ದ ನನ್ನನ್ನು, ಹೆಸರು ಹೇಳಲೊಲ್ಲದ ಒಂದು ಕಾಲೇಜಿನವರು, ತಮ್ಮಲ್ಲಿಗೆ ಮೌಲ್ಯಾಂಕನದ ತಂಡ ಬರುವುದಿದೆ, ಅದಕ್ಕೆ ಪೂರ್ವಭಾವಿಯಾಗಿ ಎರಡು ದಿನಗಳ ಕಾರ್ಯಾಗಾರವಿದೆ, ಮುಂದಿನ ಸಾಲಿನ ಕುರ್ಚಿಗಳು ಖಾಲಿಯಾಗಿ ಕಾಣಬಾರದು ಎಂದು ಹೇಳಿ ಕರೆದೊಯ್ದರು. ಅಲ್ಲಿ ಉಪನ್ಯಾಸಕ್ಕೆ ಬಂದಿದ್ದ ಮಹನೀಯರನ್ನು ‘ಸಂಪನ್ಮೂಲ ವ್ಯಕ್ತಿ’ ಎಂದು ಪರಿಚಯಿಸಲಾಯಿತು. ನಮ್ಮ ಸೀಮೆಯಲ್ಲಿ ಸಂಪತ್ತಿಗೆ ಮೂಲ ಕಾಫಿ, ಕಾಳುಮೆಣಸು, ಶುಂಠಿ ಇವು ಮೂರೇ ಎಂದು ತಿಳಿದಿದ್ದ ನನಗೆ, ಮನುಷ್ಯನೊಬ್ಬನು ಆ ಪಂಕ್ತಿಯಲ್ಲಿ ಎಲೆ ಹಾಕಿಸಿಕೊಂಡು ಕುಳಿತುದನ್ನು ಕಂಡು ಗೌರವವೇ ಉಂಟಾಯಿತು.

ಆ ಮಹನೀಯರ ಮತದಲ್ಲಿ ಪಾಠ ನಡೆಯಿತೆಂಬುದಕ್ಕೆ ಪಾಠವು ಪ್ರಮಾಣವಲ್ಲ. ನೈಯಾಯಿಕರು ಒಪ್ಪಿದ ಪ್ರತ್ಯಕ್ಷ, ಅನುಮಾನ, ಉಪಮಾನ, ಶಬ್ದ ಎಂಬ ನಾಲ್ಕು ಪ್ರಮಾಣಗಳನ್ನೂ ಅವರು ಬದಿಗೊತ್ತಿ, ಜಿಯೋಟ್ಯಾಗ್ ಛಾಯಾಚಿತ್ರ ಎಂಬ ಐದನೆಯದನ್ನು ಸ್ಥಾಪಿಸಿದರು. ಅಕ್ಷಾಂಶ ರೇಖಾಂಶಗಳು ಮೂಲೆಯಲ್ಲಿ ಮುದ್ರಿತವಾಗದ ಯಾವ ಸತ್ಯವೂ ಸತ್ಯವಲ್ಲ. ಮಧ್ಯಾಹ್ನದ ಊಟಕ್ಕೆ ಮೊದಲು ಈ ಪ್ರಮಾಣದ ಪ್ರಯೋಗವೂ ಆಯಿತು: ಕಾಲೇಜಿನ ಅಂಗಳದಲ್ಲಿ ಒಂದು ಸಿಲ್ವರ್ ಓಕ್ ಸಸಿಯನ್ನು ಒಂಬತ್ತು ಜನ ಹಿಡಿದುಕೊಂಡು ನೆಟ್ಟೆವು. ಸುತ್ತ ಯಾವ ದಿಕ್ಕಿಗೆ ನೋಡಿದರೂ ಮರಗಳ ಹೊರತು ಬೇರೇನೂ ಕಾಣದ ಕೊಡಗಿನಲ್ಲಿ, ಮರ ಕಡಿಯಲು ಅನುಮತಿಗಾಗಿ ವರ್ಷಗಟ್ಟಲೆ ಅಲೆಯುವ ಜಿಲ್ಲೆಯಲ್ಲಿ, ಹಸುರಿನ ಬಗೆಗೆ ನಮಗೆ ಕಾಳಜಿಯುಂಟೆಂದು ಹೀಗೆ ಸಿದ್ಧಪಟ್ಟಿತು. ಗುಂಡಿ ಹಳೆಯದೆಂದು ಜವಾನನು ನನ್ನ ಕಿವಿಯಲ್ಲಿ ಹೇಳಿದನು. ಹೋದ ವರ್ಷದ ಸಸಿಯೂ ಅಲ್ಲಿಯೇ ಇದ್ದಿತಂತೆ.

ಮಧ್ಯಾಹ್ನದ ಮೇಲೆ ಕೋಷ್ಟಕ. ಪ್ರತಿ ಪತ್ರಿಕೆಗೆ ಐದು ಕಲಿಕಾಫಲಗಳು, ಪ್ರತಿ ಪದವಿಗೆ ಹನ್ನೆರಡು ಕಾರ್ಯಕ್ರಮಫಲಗಳು. ಇವನ್ನು ಅಡ್ಡಕ್ಕೂ ಉದ್ದಕ್ಕೂ ನಿಲ್ಲಿಸಿ, ಯಾವ ಫಲಕ್ಕೂ ಯಾವ ಫಲಕ್ಕೂ ಎಷ್ಟು ಬಾಂಧವ್ಯವೆಂದು ಒಂದು, ಎರಡು, ಮೂರು ಎಂಬ ಅಂಕಗಳನ್ನು ಮನೆಮನೆಗೂ ತುಂಬಬೇಕು. ಜಾತಕ ಹೊಂದಿಸುವ ಜೋಯಿಸರು ಮೂವತ್ತಾರು ಗುಣಗಳಿಗೇ ಬೆವರುವರು, ಇಲ್ಲಿ ಅರವತ್ತು. ನನ್ನ ಪಕ್ಕದಲ್ಲಿದ್ದ ಕನ್ನಡದ ಅಧ್ಯಾಪಕರಿಗೆ ಪಂಪಭಾರತವು ‘ಉದ್ಯಮಶೀಲತೆ’ಗೆ ಎಷ್ಟರಮಟ್ಟಿಗೆ ಪೋಷಕ ಎಂಬ ಮನೆ ಬಂದಿತು. ಅವರು ಬಹಳ ಹೊತ್ತು ಯೋಚಿಸಿ ಎರಡು ಎಂದು ಬರೆದರು. ಮೂರು ಏಕಲ್ಲ ಎಂದು ಕೇಳಿದೆ. “ಕರ್ಣ ಕವಚಾನ ಬಿಟ್ಟಿ ಕೊಟ್ಟುಬಿಟ್ಟ ಸಾರ್, ಅದಕ್ಕೆ ಒಂದು ಕಳೆದೆ” ಎಂದರು. ಮುಖದಲ್ಲಿ ನಗೆ ಇರಲಿಲ್ಲ. ಆ ಎರಡು ಎಂಬ ಅಂಕಿ ಈಗಲೂ ಯಾವುದೋ ಕಡತದಲ್ಲಿ ಕವಿಯ ಸಾಮರ್ಥ್ಯಕ್ಕೆ ಸಾಕ್ಷಿಯಾಗಿ ಕುಳಿತಿರಬೇಕು.

ದ್ವಿತೀಯ ಪ್ರಕರಣ: ದೇಶವಿಚಾರ

ದೇಶಕ್ಕೂ ಕಾಲಕ್ಕೂ ಭೇದವಿಲ್ಲವೆಂದು ಪಾಶ್ಚಾತ್ಯ ಭೌತವಿಜ್ಞಾನಿಗಳು ಇಪ್ಪತ್ತನೆಯ ಶತಮಾನದಲ್ಲಿ ಕಂಡುಕೊಂಡರು. ಉತ್ತರ ಕೊಡಗಿನವರಿಗೆ ಇದು ಮೊದಲಿನಿಂದಲೂ ಗೊತ್ತು. ನಮ್ಮ ಊರು ಶನಿವಾರ, ತಾಲ್ಲೂಕಿನ ಕೇಂದ್ರ ಸೋಮವಾರ. ಬೆಳಗಿನ ಬಸ್ಸು ಹತ್ತಿದ ವಿದ್ಯಾರ್ಥಿ ಶನಿವಾರಸಂತೆಯಿಂದ ಹೊರಟು, ನಡುವಣ ಭಾನುವಾರವನ್ನು ಮುಟ್ಟದೆಯೇ, ಸೋಮವಾರಪೇಟೆಯನ್ನು ತಲಪುವನು. ಅಲ್ಲಿಂದ ಕುಶಾಲನಗರದ ಕಡೆಗೆ ಮುಂದುವರಿದರೆ ಜಿಲ್ಲೆಯ ಅತ್ಯುನ್ನತ ವಿದ್ಯಾಪೀಠವಿರುವ ಗ್ರಾಮ; ಅದರ ಹೆಸರು ಚಿಕ್ಕ ಅಳುವಾರ. ಪಂಚಾಂಗದ ಏಳು ವಾರಗಳಲ್ಲಿ ಇದು ಸೇರಿಲ್ಲ, ಎಂಟನೆಯದು. ನಿರುಕ್ತವನ್ನು ನಾನು ಬಿಡಿಸಿ ಹೇಳಬೇಕಾಗಿಲ್ಲ.

ಈ ಎಂಟನೆಯ ವಾರದ ಇತಿಹಾಸವನ್ನು ಅರಿಯಬೇಕಾದರೆ ಮಕಾರತ್ರಯಸಿದ್ಧಾಂತವನ್ನು ತಿಳಿದಿರಬೇಕು. 1949ರಲ್ಲಿ ಮಡಿಕೇರಿಯಲ್ಲಿ ಸರ್ಕಾರಿ ಕಾಲೇಜು ಆರಂಭವಾದಾಗ ಅದು ಮದರಾಸು ವಿಶ್ವವಿದ್ಯಾನಿಲಯಕ್ಕೆ ಸೇರಿದ್ದಿತು. 1956ರಲ್ಲಿ ಕೊಡಗು ಮೈಸೂರು ರಾಜ್ಯದಲ್ಲಿ ವಿಲೀನವಾದ ತರುವಾಯ ಅದು ಮೈಸೂರು ವಿಶ್ವವಿದ್ಯಾನಿಲಯದ್ದಾಯಿತು. 1980ರಲ್ಲಿ ಮಂಗಳೂರು ವಿಶ್ವವಿದ್ಯಾನಿಲಯ ಹುಟ್ಟಿದ ಮೇಲೆ ಮಂಗಳೂರಿನದ್ದಾಯಿತು. ಕಾಲೇಜು ಮಾತ್ರ ಮಡಿಕೇರಿಯ ಮಂಜಿನಲ್ಲಿ ಇದ್ದಲ್ಲಿಯೇ ಇದ್ದಿತು. ಅಂಕಪಟ್ಟಿಯ ಮೇಲಣ ಊರಿನ ಹೆಸರು ಪೂರ್ವಕ್ಕೊಮ್ಮೆ ಪಶ್ಚಿಮಕ್ಕೊಮ್ಮೆ ಸಂಚರಿಸಿತು. ಒಂದೇ ಮನೆಯ ಅಜ್ಜ, ಮಗ, ಮೊಮ್ಮಗಳು ಒಂದೇ ಬಾಗಿಲಲ್ಲಿ ಹೊಕ್ಕು ಮೂರು ವಿಶ್ವವಿದ್ಯಾನಿಲಯಗಳಿಂದ ಹೊರಬರಲು ಸಾಧ್ಯವಾದುದು ಹೀಗೆ.

ಮಕಾರಗಳು ಮುಗಿದುವೆಂದು ತೋರುತ್ತಿರುವಾಗ ಕಕಾರವು ಉದಯಿಸಿತು. 2023ರ ಮಾರ್ಚಿನಲ್ಲಿ, ಚುನಾವಣೆಯ ಹೊಸ್ತಿಲಲ್ಲಿ, ಬೀದರ್, ಹಾವೇರಿ, ಹಾಸನ, ಕೊಪ್ಪಳ, ಬಾಗಲಕೋಟೆ, ಚಾಮರಾಜನಗರಗಳ ಜೊತೆಗೆ ಕೊಡಗಿಗೂ ಒಂದು ವಿಶ್ವವಿದ್ಯಾನಿಲಯವು ಪ್ರಾಪ್ತವಾಯಿತು. ಅಳುವಾರದಲ್ಲಿ ಮೊದಲೇ ಇದ್ದ ಜ್ಞಾನಕಾವೇರಿ ಸ್ನಾತಕೋತ್ತರ ಕೇಂದ್ರದ ನಾಮಫಲಕವು ಬದಲಾಯಿತು. ಎರಡು ವರ್ಷವೂ ತುಂಬಿರಲಿಲ್ಲ, 2025ರ ಫೆಬ್ರವರಿಯಲ್ಲಿ ಉಪಮುಖ್ಯಮಂತ್ರಿಗಳ ಅಧ್ಯಕ್ಷತೆಯ ಸಂಪುಟ ಉಪಸಮಿತಿಯು, ಇವೂ ಸೇರಿ ಹೊಸ ಹತ್ತು ವಿಶ್ವವಿದ್ಯಾನಿಲಯಗಳಲ್ಲಿ ಬೀದರಿನದೊಂದನ್ನುಳಿದು ಮಿಕ್ಕ ಒಂಬತ್ತನ್ನು, ಹಣವಿಲ್ಲ, ಕಾಲೇಜುಗಳ ಸಂಖ್ಯೆ ಸಾಲದು ಎಂಬ ಕಾರಣಗಳಿಂದ ಮಾತೃಸಂಸ್ಥೆಗಳಿಗೆ ಹಿಂತಿರುಗಿಸಬೇಕೆಂದು ಶಿಫಾರಸು ಮಾಡಿತು. ಕಾರಣಗಳು ಸುಳ್ಳಲ್ಲ. ಆದರೆ ಕೂಸು ಹುಟ್ಟುವ ಮೊದಲು ಇದ್ದ ಕಾರಣಗಳೂ ಅವೇ ಆಗಿದ್ದುವು. ನಾಮಕರಣದ ದಿನ ಪಾಯಸ ಉಂಡವರಲ್ಲಿ ಯಾರಿಗೂ ಅವು ಕಂಡಿರಲಿಲ್ಲ. ಅತ್ತ ರಾಷ್ಟ್ರೀಯ ಶಿಕ್ಷಣ ನೀತಿಯ ಗ್ರಂಥವನ್ನು ತೆರೆದರೆ, 2030ರೊಳಗೆ ಪ್ರತಿಯೊಂದು ಜಿಲ್ಲೆಯಲ್ಲಿ ಅಥವಾ ಅದರ ಹತ್ತಿರದಲ್ಲಿ ಒಂದಾದರೂ ದೊಡ್ಡ ಬಹುಶಿಸ್ತೀಯ ಸಂಸ್ಥೆ ಇರತಕ್ಕದ್ದೆಂದೂ, ಅಂತಹವುಗಳಲ್ಲಿ ಮೂರು ಸಾವಿರ ಅಥವಾ ಅದಕ್ಕೆ ಮಿಗಿಲಾದ ವಿದ್ಯಾರ್ಥಿಗಳಿರತಕ್ಕದ್ದೆಂದೂ ಬರೆದಿದೆ. ನಮ್ಮ ಹೋಬಳಿಯಲ್ಲಿ ಈ ಲಕ್ಷಣವನ್ನು ಪೂರೈಸಬಲ್ಲ ಬಹುಶಿಸ್ತೀಯ ಸಂಸ್ಥೆ ಒಂದೇ: ಶನಿವಾರದ ಸಂತೆ. ಅದೂ ಸಂಜೆ ಆರಕ್ಕೆ ಮುಚ್ಚುವುದು.

ತೃತೀಯ ಪ್ರಕರಣ: ಕಾಲವಿಚಾರ

ಪದವಿಯ ಉದ್ದವನ್ನು ಕುರಿತು ಮೂರು ವಾದಗಳುಂಟು: ತ್ರಿವರ್ಷವಾದ, ಚತುರ್ವರ್ಷವಾದ, ಪುನಸ್ತ್ರಿವರ್ಷವಾದ. ಮೊದಲನೆಯದು ಪರಂಪರೆಯಿಂದ ಬಂದದ್ದು. ಎರಡನೆಯದಕ್ಕೆ 2020ರ ಜುಲೈ 29ರಂದು ಕೇಂದ್ರ ಸಂಪುಟವು ಒಪ್ಪಿದ ರಾಷ್ಟ್ರೀಯ ಶಿಕ್ಷಣ ನೀತಿಯು ಮೂಲ. ದೇಶದಲ್ಲಿಯೇ ಮೊದಲಿಗನಾಗಬೇಕೆಂಬ ಉತ್ಸಾಹದಿಂದ ಕರ್ನಾಟಕವು 2021ರಲ್ಲಿ, ಪಠ್ಯಪುಸ್ತಕಗಳಿಗೂ ಮೊದಲೇ, ಇದನ್ನು ಆಚರಣೆಗೆ ತಂದಿತು. ಸರ್ಕಾರ ಬದಲಾಯಿತು. 2023ರ ಅಕ್ಟೋಬರಿನಲ್ಲಿ ಪ್ರೊ. ಸುಖದೇವ ಥೋರಟ್ ಅವರ ಅಧ್ಯಕ್ಷತೆಯಲ್ಲಿ ರಾಜ್ಯ ಶಿಕ್ಷಣ ನೀತಿ ಆಯೋಗವು ರಚಿತವಾಗಿ, ಅದರ ಮಧ್ಯಂತರ ವರದಿಯನ್ನನುಸರಿಸಿ 2024ರ ಮೇ ತಿಂಗಳಲ್ಲಿ ಹೊರಟ ಆದೇಶದಿಂದ ಪದವಿಯು ಪುನಃ ಮೂರು ವರ್ಷವಾಯಿತು. ನಡುವೆ 2021, 2022, 2023ರಲ್ಲಿ ಸೇರಿದ ಮೂರು ತಂಡಗಳಿಗೆ ಮಾತ್ರ ಹಳೆಯ ಹೊಸ ಪದ್ಧತಿಯೇ. ಇಚ್ಛೆಯುಳ್ಳವರಿಗೆ ನಾಲ್ಕನೆಯ ವರ್ಷವುಂಟು. ಇಚ್ಛೆಯುಳ್ಳ ಕಾಲೇಜು ಎಲ್ಲಿದೆ ಎಂಬುದನ್ನು ಆದೇಶವು ವಿವರಿಸಲಿಲ್ಲ.

ಮೂರರ ಪರವಾಗಿ ಲೋಕತ್ರಯ, ಗುಣತ್ರಯ, ತ್ರಿಮೂರ್ತಿಗಳನ್ನೂ, ನಾಲ್ಕರ ಪರವಾಗಿ ಚತುರ್ವೇದ, ಚತುರಾಶ್ರಮ, ಪುರುಷಾರ್ಥಗಳನ್ನೂ ಉದಾಹರಿಸಿ ಇಲ್ಲಿ ಮೂವತ್ತು ಪುಟ ಬರೆಯಲು ಉದ್ದೇಶಿಸಿದ್ದೆ. ಅದಕ್ಕೆ ಬದಲಾಗಿ ಒಂದು ಪ್ರಸಂಗವನ್ನು ಹೇಳುವೆನು.

ಮೇ ತಿಂಗಳ ಆ ಆದೇಶದ ಸುದ್ದಿ ಪತ್ರಿಕೆಯಲ್ಲಿ ಬಂದ ಮೇಲಿನ ಮೊದಲ ಶನಿವಾರ. ಭತ್ತದ ಗದ್ದೆಗಳಲ್ಲಿ ಬೆಳೆದ ಹಸಿಮೆಣಸಿನಕಾಯಿ ನಮ್ಮ ಸಂತೆಗೆ ಮೂಟೆಮೂಟೆಯಾಗಿ ಬಂದು ಬೀಳುವ ಕಾಲ. ಚೀಲದ ಬಾಯಿ ಬಿಚ್ಚಿದರೆ ಹತ್ತು ಮಾರು ದೂರದವರೆಗೆ ಸೀನು. ತೂಕದ ಯಂತ್ರದ ಪಕ್ಕದಲ್ಲಿ ಉದ್ದನೆಯ ಲೆಕ್ಕದ ಪುಸ್ತಕ ಹಿಡಿದು ನಿಂತಿದ್ದವನು ನನ್ನ ಹಳೆಯ ವಿದ್ಯಾರ್ಥಿ, ಎಂ.ಎ. ಪದವೀಧರ, ಹನ್ನೆರಡು ವರ್ಷಗಳಿಂದ ಅತಿಥಿ ಉಪನ್ಯಾಸಕ. ಸೆಮಿಸ್ಟರ್ ಮುಗಿದ ಮೇಲೆ ಸಂಬಳ ನಿಲ್ಲುವುದರಿಂದ ವ್ಯಾಪಾರಿಯೊಬ್ಬನ ಬಳಿ ಲೆಕ್ಕ ಬರೆಯುತ್ತಿದ್ದನು. ನನ್ನನ್ನು ಕಂಡು ಪುಸ್ತಕವನ್ನು ಬೆನ್ನ ಹಿಂದೆ ಮರೆಮಾಡಿ ನಮಸ್ಕಾರ ಮಾಡಿದನು. ಅಷ್ಟರಲ್ಲಿ ಗೌಡರೊಬ್ಬರು ಮೂಟೆ ಇಳಿಸಿದರು.

“ಮೇಷ್ಟ್ರೇ, ಇವತ್ತೆಷ್ಟು ನಡೀತಿದೆ?”

ಧಾರಣೆ ಹೇಳಿದನು. ಗೌಡರು ಮುಖ ಸೊಟ್ಟಗೆ ಮಾಡಿ, ಹೆಗಲ ಟವೆಲಿನಿಂದ ಕತ್ತು ಒರೆಸಿಕೊಂಡು, ಅದೇ ದನಿಯಲ್ಲಿ ಮತ್ತೆ ಕೇಳಿದರು:

“ಡಿಗ್ರಿ ಎಷ್ಟಾಯ್ತು?”

“ಮೂರಂತೆ ಗೌಡ್ರೇ.”

“ಹೋದ್ಸಲ ನಾಲ್ಕಿತ್ತಲ್ಲ?”

“ಇಳಿದಿದೆ.”

“ಮತ್ತೆ ಏರ್ತದಾ?”

“ಹೇಳಕ್ಕಾಗಲ್ಲ. ಬೆಂಗ್ಳೂರಿಂದ ಬರ್ಬೇಕು.”

ಇಬ್ಬರಲ್ಲಿ ಯಾರೂ ತಮಾಷೆ ಮಾಡುತ್ತಿರಲಿಲ್ಲ. ಗೌಡರ ಹಿರಿಯ ಮಗಳು 2021ರಲ್ಲಿ ಬಿ.ಎ.ಗೆ ಸೇರಿ ಆ ವರ್ಷ ಮೂರನೆಯದನ್ನು ಮುಗಿಸುತ್ತಿದ್ದಳು; ಕಿರಿಯವಳು ಪಿ.ಯು. ಪಾಸಾಗಿ ಸೇರುವವಳಿದ್ದಳು.

ಚತುರ್ಥ ಪ್ರಕರಣ: ದ್ವಾರವಿಚಾರ

ಚತುರ್ವರ್ಷವಾದದ ಅತ್ಯಂತ ಸುಂದರವಾದ ಅಂಗವು ಬಹುದ್ವಾರಸಿದ್ಧಾಂತ. ಒಂದು ವರ್ಷ ಓದಿ ಹೊರಟರೆ ಸರ್ಟಿಫಿಕೇಟ್, ಎರಡಕ್ಕೆ ಡಿಪ್ಲೊಮಾ, ಮೂರಕ್ಕೆ ಪದವಿ, ನಾಲ್ಕಕ್ಕೆ ಆನರ್ಸ್. ಸಂಪನ್ಮೂಲ ವ್ಯಕ್ತಿಗಳು ಇದನ್ನು ವಿವರಿಸುವಾಗ ಅವರ ಕಣ್ಣಲ್ಲಿ ನೀರಾಡಿತು. ಹಿಂದೆ ಎರಡನೆಯ ವರ್ಷದಲ್ಲಿ ಹುಡುಗಿಯ ಮದುವೆ ಗೊತ್ತಾಗಿ ಅವಳ ಓದು ನಿಂತರೆ ಅದಕ್ಕೆ ‘ಕಾಲೇಜು ಬಿಟ್ಟಳು’ ಎಂಬ ಹೆಸರಿದ್ದಿತು. ಬಿಡಿಸಿದವರಿಗೆ ಒಂದಿಷ್ಟು ನಾಚಿಕೆಯೂ ಇದ್ದಿತು. ಲಗ್ನಪತ್ರಿಕೆ ಕೊಡಲು ಕಾಲೇಜಿಗೆ ಬಂದ ತಂದೆ ನಮ್ಮ ಮುಖ ನೋಡದೆ, ಗೋಡೆಯ ಮೇಲಣ ಕ್ಯಾಲೆಂಡರನ್ನು ನೋಡಿಕೊಂಡು ಮಾತನಾಡುತ್ತಿದ್ದನು. ಈ ಸಿದ್ಧಾಂತದ ಪ್ರಕಾರ ಅವಳು ಬಿಟ್ಟವಳಲ್ಲ, ದ್ವಿತೀಯ ದ್ವಾರದಿಂದ ನಿರ್ಗಮಿಸಿದ ಡಿಪ್ಲೊಮಾಧಾರಿಣಿ. ಶುಲ್ಕಕ್ಕೆ ಹಣವಿಲ್ಲದೆ, ಬಸ್ಸಿಲ್ಲದೆ, ಕಾಫಿ ಕೊಯ್ಲಿಗೆ ಆಳಿಲ್ಲದೆ ಮನೆಯಲ್ಲಿ ಉಳಿದ ಹುಡುಗನೂ ಹಾಗೆಯೇ. ಅವನು ಮತ್ತೆ ಬೇಕಾದಾಗ ಪ್ರವೇಶಿಸಬಹುದಂತೆ. ಅವನು ಗಳಿಸಿದ ಕ್ರೆಡಿಟ್ಟುಗಳು ಬ್ಯಾಂಕಿನಲ್ಲಿ ಭದ್ರವಾಗಿರುವುವಂತೆ. ಹೊರಹೋಗುವ ಬಾಗಿಲುಗಳನ್ನು ನಾಲ್ಕು ಮಾಡಿದವರು ಒಳಬರುವ ದಾರಿಯಲ್ಲಿ ಒಂದು ಸಂಜೆಯ ಬಸ್ಸನ್ನು ಹೆಚ್ಚಿಸಲಿಲ್ಲ. ಓದು ಮುರಿದುದಕ್ಕೆ ಕಾರಣ ಹುಡುಕುವುದು ಕಷ್ಟ, ಮುರಿದ ತುಂಡಿಗೆ ಹೆಸರಿಡುವುದು ಸುಲಭ. ಸುಲಭವಾದುದನ್ನು ನೀತಿ ಎಂದು ಕರೆದು ಮುದ್ರಿಸಿದರು. ಇದರಲ್ಲಿ ನನಗೆ ಹಾಸ್ಯವೇನೂ ಕಾಣುತ್ತಿಲ್ಲ.

ಐದು, ಆರು, ಏಳನೆಯ ಪ್ರಕರಣಗಳು ಮಂಡಳಿಯ ಅಂಕಗಳಿಗಾಗಿ ಬೇಕಾಗಿದ್ದುವು. ಅವನ್ನು ಬಿಟ್ಟಿದ್ದೇನೆ. ಅವುಗಳಲ್ಲಿ ಒಂದು ಕುಲಪತಿವಿಚಾರವಾಗಿದ್ದಿತು: 1956ರಲ್ಲಿ ಮೈಸೂರಿನ ಕುಲಪತಿಗಳಾಗಿ ಕುವೆಂಪು ಬಂದರೆಂಬುದನ್ನೂ, 2025ರ ಜನವರಿಯಲ್ಲಿ ಯು.ಜಿ.ಸಿ. ಪ್ರಕಟಿಸಿದ ಕರಡು ನಿಯಮಾವಳಿಯ ಪ್ರಕಾರ ಉದ್ಯಮದಲ್ಲಿ ಹತ್ತು ವರ್ಷ ಹಿರಿಯ ಸ್ಥಾನದಲ್ಲಿದ್ದವರೂ ಆ ಪೀಠಕ್ಕೆ ಅರ್ಹರೆಂಬುದನ್ನೂ ಪಕ್ಕಪಕ್ಕದಲ್ಲಿಟ್ಟು, ನಮ್ಮ ಶುಂಠಿ ವ್ಯಾಪಾರಿಗಳಲ್ಲಿ ಯಾರು ಯಾರಿಗೆ ಅವಕಾಶವಿದೆ ಎಂದು ಪಟ್ಟಿ ಮಾಡುವುದರಲ್ಲಿದ್ದೆ. ಓದುಗರು ತಾವೇ ಮಾಡಿಕೊಳ್ಳಬಹುದು.

ಪೂರ್ವಪಕ್ಷವೊಂದಕ್ಕೆ ಮಾತ್ರ ಉತ್ತರ ಹೇಳಬೇಕು. ಹಾಗಾದರೆ ಹಳೆಯ ತ್ರಿವರ್ಷವು ಸ್ವರ್ಗವಾಗಿದ್ದಿತೋ ಎಂದು ಕೇಳಿದರೆ, ಇರಲಿಲ್ಲ. ನಾವು ನೋಟ್ಸ್ ಬರೆಸಿದೆವು, ಹುಡುಗರು ಬಾಯಿಪಾಠ ಮಾಡಿದರು, ಹತ್ತು ವರ್ಷ ಅದೇ ಹಳದಿ ಹಾಳೆಗಳು. ಅವುಗಳಲ್ಲಿ ನನ್ನವೂ ಇದ್ದುವು. ನಾಲ್ಕನೆಯ ವರ್ಷವೊಂದರಲ್ಲಿ, ಕಲಿಸುವವನಿದ್ದು, ಪುಸ್ತಕಗಳಿದ್ದು, ಒಬ್ಬ ಹುಡುಗಿ ತನ್ನ ಊರಿನ ಏಲಕ್ಕಿ ಏಕೆ ನಶಿಸಿತೆಂದು ತಾನೇ ಹುಡುಕಿ ಬರೆಯುವಂತಾಗಿದ್ದರೆ, ಅದಕ್ಕೆ ನಾನು ಮೊದಲು ಕೈಮುಗಿಯುತ್ತಿದ್ದೆ. ವರ್ಷಗಳ ಸಂಖ್ಯೆಯ ಮೇಲೆ ನನಗೆ ಕೋಪವಿಲ್ಲ. ಮೂರಾಗಲಿ ನಾಲ್ಕಾಗಲಿ, ತರಗತಿಯಲ್ಲಿ ನಿಲ್ಲುವವನು ಯಾರು ಎಂದು ನೋಡಿರಿ. ರಾಜ್ಯದ ಸರ್ಕಾರಿ ಪದವಿ ಕಾಲೇಜುಗಳಲ್ಲಿ 2023ರಲ್ಲಿ ಹತ್ತು ಸಾವಿರಕ್ಕೂ ಮಿಗಿಲಾದ ಅತಿಥಿ ಉಪನ್ಯಾಸಕರಿದ್ದರು. ತಿಥಿ ಗೊತ್ತುಮಾಡದೆ ಬರುವವನು ಅತಿಥಿ ಎಂದು ಶಾಸ್ತ್ರ. ಇವರು ಬರುವ ತಿಥಿಯೂ ಹೋಗುವ ತಿಥಿಯೂ ಆದೇಶದಲ್ಲಿ ಅಚ್ಚಾಗಿರುವುವು,  ಹೋಗುವುದು ಇನ್ನೂ ಸ್ಪಷ್ಟವಾಗಿ. ಸೇವೆಯನ್ನು ಖಾಯಂ ಮಾಡಿರೆಂದು ಇವರು 2023ರ ನವೆಂಬರಿನಿಂದ ತಿಂಗಳಿಗೂ ಹೆಚ್ಚು ಕಾಲ ತರಗತಿ ಬಿಟ್ಟು ಬೀದಿಯಲ್ಲಿ ಕುಳಿತರು. ಹನ್ನೆರಡು ವರ್ಷ ನಮ್ಮ ಮಕ್ಕಳಿಗೆ ಕಲಿಸಿದವನನ್ನು ಅತಿಥಿ ಎಂದು ಕರೆದು ಮೇ ತಿಂಗಳಲ್ಲಿ ಮೆಣಸಿನಕಾಯಿಯ ತೂಕಕ್ಕೆ ಕಳುಹಿಸುವ ನಾಡು, ಕಲಿಕಾಫಲಗಳ ಕೋಷ್ಟಕದಲ್ಲಿ ಯಾವ ಅಂಕವನ್ನು ತುಂಬಿದರೂ ಅದು ಸುಳ್ಳು.

ಅಂದು ಅವನು ಪುಸ್ತಕವನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡದ್ದು ನನಗೆ ಮರೆಯದಾಗಿದೆ. ನಾಚಬೇಕಾಗಿದ್ದವನು ಅವನಲ್ಲ.

ಆ ವರ್ಷದ ಮಳೆಗಾಲದಲ್ಲಿ, ಒಂದು ಶನಿವಾರ, ಅದೇ ಗೌಡರು ಮೆಣಸಿನಕಾಯಿ ಚೀಲ ಹೊಲಿಯುವ ಹುರಿಯಿಂದ ಬಿಗಿದ ಒಂದು ಕಟ್ಟನ್ನು ಪ್ಲಾಸ್ಟಿಕ್ ಹೊದಿಸಿಕೊಂಡು ನಮ್ಮ ಮನೆಗೆ ತಂದರು. ಆ ಮನೆಯಲ್ಲಿ ಒಂದನೆಯ ತರಗತಿಯಿಂದಲೂ ಅಕ್ಕನ ಪುಸ್ತಕವೇ ತಂಗಿಗೆ. ಅಕ್ಕ ಮೊದಲ ಪುಟದಲ್ಲಿ ತನ್ನ ಹೆಸರಿನ ಕೆಳಗೆ ಜಾಗ ಬಿಟ್ಟೇ ಬರೆಯುತ್ತಿದ್ದಳಂತೆ. ಈ ಸಲ ಪಠ್ಯಕ್ರಮ ಬದಲಾದುದರಿಂದ ಯಾವುದೂ ಹೊಂದಲಿಲ್ಲ. “ನಿಮ್ ಹತ್ರ ಹುಡುಗ್ರು ಬರ್ತಾರಲ್ಲ ಮೇಷ್ಟ್ರೇ, ಯಾರಿಗಾದ್ರೂ ಆಗ್ಬಹುದು” ಎಂದು ಹೇಳಿ, ಕಾಫಿಯನ್ನೂ ಕುಡಿಯದೆ, ಬಸ್ಸಿಗೆ ಹೊತ್ತಾಯಿತೆಂದು ಹೊರಟರು. ಬಿಚ್ಚಿ ನೋಡಿದೆ. ಮೇಲಿನದು ‘ಡಿಜಿಟಲ್ ಫ್ಲುಯೆನ್ಸಿ’. ಅದರ ಮೊದಲ ಪುಟದಲ್ಲಿ ದುಂಡನೆಯ ಅಕ್ಷರಗಳಲ್ಲಿ ಹಿರಿಯವಳ ಹೆಸರು. ಕೆಳಗೆ ಒಂದು ಸಾಲಿನಷ್ಟು ಜಾಗ ಖಾಲಿ.

ಅನಂತರ ಪೂರ್ಣ ವರದಿಯೂ ಬಂದಿತು. 2025ರ ಆಗಸ್ಟಿನಲ್ಲಿ ಥೋರಟ್ ಆಯೋಗವು ಅದನ್ನು ಮುಖ್ಯಮಂತ್ರಿಗಳಿಗೆ ಒಪ್ಪಿಸಿತು. ಪುಸ್ತಕಗಳು ಇನ್ನೂ ನಮ್ಮ ಜಗಲಿಯಲ್ಲಿಯೇ ಇವೆ: ಬಿ.ಎ., ಆರು ಸೆಮಿಸ್ಟರುಗಳವು, 2021ರ ಪಠ್ಯಕ್ರಮದವು, ಗೆದ್ದಲು ಹಿಡಿದಿಲ್ಲ. ಬೇಕಾದವರು ಯಾವ ಶನಿವಾರವಾದರೂ ಸಂತೆಗೆ ಬಂದಾಗ ತೆಗೆದುಕೊಂಡು ಹೋಗಬಹುದು. ಹಣ ಕೊಡಬೇಕಾಗಿಲ್ಲ.